ಭಾವನವರ ಹನ್ನೊಂದು ಕ್ರಿಸ್‌ಮಸ್‌ಗಳು

ನಮ್ಮ ಭಾವ ಒಂದೇ ಡಿಸೆಂಬರ್ ತಿಂಗಳಲ್ಲಿ ಹನ್ನೊಂದು ಕ್ರಿಸ್‌ಮಸ್ ಪಾರ್ಟಿಗಳಿಗೆ ಹೋಗಿಬಂದವರು. ಅವುಗಳಲ್ಲಿ ಅವರನ್ನು ಕರೆದಿದ್ದು ಎರಡಕ್ಕೆ ಮಾತ್ರ! ಉಳಿದ ಒಂಬತ್ತಕ್ಕೆ ಹೇಗೆ ಹೋದಿರಿ ಎಂದು ಕೇಳಿದರೆ ಬಲು ಗಂಭೀರವಾಗಿ "ಲಿಫ್ಟ್‌ನಲ್ಲಿ" ಎನ್ನುತ್ತಾರೆ.

ನೀವು ಅವರನ್ನು ನೋಡಿಲ್ಲ, ಅದಕ್ಕೇ ಇದರಲ್ಲಿ ಅಂಥದ್ದೇನಿದೆ ಎಂದುಕೊಳ್ಳುತ್ತಿದ್ದೀರಿ. ಏಕಾದಶಿ ತಪ್ಪಿಸದ ಮನುಷ್ಯ. ಕೇಕಿಗೆ ಮೊಟ್ಟೆ ಹಾಕಿದ್ದಾರೆಯೇ ಎಂದು ಬೇಕರಿಯವನ ಮೂರು ತಲೆಮಾರನ್ನು ವಿಚಾರಿಸುವವರು. ಅಂಥವರು ತಲೆಗೆ ಕೆಂಪು ಟೋಪಿ ಸಿಕ್ಕಿಸಿಕೊಂಡು, ಕೈಯಲ್ಲೊಂದು ಆರೆಂಜ್ ಜ್ಯೂಸ್ ಹಿಡಿದು, ಗುರುತು ಪರಿಚಯವಿಲ್ಲದ ಅಕೌಂಟೆಂಟುಗಳ ಗುಂಪಿನ ನಡುವೆ ನಿಂತು ಕ್ರಿಸ್‌ಮಸ್ ಹಾಡಿಗೆ ತೊಡೆ ತಟ್ಟಿ ತಾಳ ಹಾಕುತ್ತಿದ್ದರು ಎಂದರೆ ನಂಬುತ್ತೀರಾ? ನಾನೂ ನಂಬಿರಲಿಲ್ಲ. ಆಮೇಲೆ ಯಾರೋ ತೆಗೆದ ಫೋಟೋ ಬಂತು. ತಾಳ ಆದಿತಾಳವೇ ಇರಬೇಕು, ಮುಖದಲ್ಲಿ ಅಷ್ಟು ಏಕಾಗ್ರತೆ ಇತ್ತು.

ಭಾವ ಎಂದರೆ ನನ್ನ ಅಕ್ಕನ ಗಂಡ. ಹೆಸರು ಹೇಳುವುದಿಲ್ಲ. ಹೇಳಿದರೆ ಅವರು ಇದರ ಇಪ್ಪತ್ತು ಪ್ರತಿ ಜೆರಾಕ್ಸ್ ಮಾಡಿಸಿ ಲಿಫ್ಟಿನಲ್ಲಿ ಸಿಕ್ಕವರಿಗೆಲ್ಲ ಹಂಚಿಬಿಡುತ್ತಾರೆ. ಅವರು ಲಿಫ್ಟ್ ಇಂಜಿನಿಯರ್. ಮೈಸೂರಿನಲ್ಲಿ ಓದಿ, ಸಿಂಗಪುರಕ್ಕೆ ಬಂದು ಆಗ ಆರು ವರ್ಷವಾಗಿತ್ತು. ಅಕ್ಕ, ಭಾವ ಮತ್ತು ಅವರ ಮಗಳು ಪುಟ್ಟಿ ಇದ್ದಿದ್ದು ಬುಕಿತ್ ಪಂಜಾಂಗ್‌ನಲ್ಲಿ. ಅಲ್ಲಿಗೆ ಇನ್ನೂ ರೈಲು ಬಂದಿರಲಿಲ್ಲ, ರೈಲಿನ ಕಂಬಗಳು ಮಾತ್ರ ಬಂದು ನಿಂತಿದ್ದವು. ನಾನು, ನನ್ನ ಗಂಡ ಇದ್ದಿದ್ದು ಬಿಶಾನ್‌ನಲ್ಲಿ. ನಾನು ಒಂದು ಪಾಲಿಟೆಕ್ನಿಕ್‌ನಲ್ಲಿ ಗಣಿತ ಹೇಳಿಕೊಡುತ್ತಿದ್ದೆ. ಡಿಸೆಂಬರ್ ಪೂರ್ತಿ ನನಗೆ ರಜೆ. ಆದ್ದರಿಂದಲೇ ಈ ಕಥೆಗೆ ನಾನು ಸಾಕ್ಷಿಯಾದೆ. ಇಲ್ಲದಿದ್ದರೆ ಸುಖವಾಗಿದ್ದೆ!

ತೊಂಬತ್ತೆಂಟನೇ ಇಸವಿಯ ಕೊನೆ ಅದು. ಅದರ ಹಿಂದಿನ ವರ್ಷದಿಂದ ಅಕ್ಕಪಕ್ಕದ ದೇಶಗಳ ನಾಣ್ಯಗಳೆಲ್ಲ ಒಂದಾದಮೇಲೊಂದು ಮಗುಚಿಕೊಂಡು, ಕಟ್ಟುತ್ತಿದ್ದ ಕಟ್ಟಡಗಳು ಅರ್ಧಕ್ಕೇ ನಿಂತಿದ್ದವು. ಕಟ್ಟಡವೇ ಮೇಲೇಳದಿದ್ದರೆ ಲಿಫ್ಟು ಎಲ್ಲಿಗೆ ಹೋಗಬೇಕು? ಭಾವನ ಕಂಪನಿ ಸಿಂಗಪುರದ ಆಫೀಸಿಗೆ ಬೀಗ ಹಾಕಿತು. ಅಲ್ಲಿ ನಮ್ಮಂಥವರ ಲೆಕ್ಕ ಬಹಳ ಸರಳ. ಕೆಲಸ ಹೋದರೆ ಆ ದೇಶದಲ್ಲಿರಲು ಕೊಟ್ಟ ಪಾಸು ಹೋಯಿತು, ಪಾಸು ಹೋದರೆ ಮನೆಮಂದಿಯೆಲ್ಲ ಗಂಟುಮೂಟೆ ಕಟ್ಟಬೇಕು. ಅದೂ ಇದೂ ಸೇರಿಸಿ ಭಾವನಿಗೆ ಸಿಕ್ಕಿದ್ದು ಸಂಕ್ರಾಂತಿಯವರೆಗಿನ ಗಡುವು. ಅಷ್ಟರೊಳಗೆ ಕೆಲಸ ಸಿಕ್ಕಿದರೆ ಎಳ್ಳು ಬೀರುವುದು ಬುಕಿತ್ ಪಂಜಾಂಗ್‌ನಲ್ಲಿ, ಸಿಗದಿದ್ದರೆ ಮೈಸೂರಿನಲ್ಲಿ.

"ಡಿಸೆಂಬರ್‌ನಲ್ಲಿ ಯಾರು ಕೆಲಸ ಕೊಡ್ತಾರೆ ಭಾವ? ಎಲ್ರೂ ರಜೆ ಮೇಲಿರ್ತಾರೆ. ಶನಿವಾರದ ಪೇಪರಲ್ಲಿ ಜಾಹೀರಾತೇ ಇಲ್ಲ" ಎಂದ ನನ್ನ ಗಂಡ.

ಭಾವ ಅವನನ್ನು ಕನಿಕರದಿಂದ ನೋಡಿದರು. "ನೀವು ಯೋಚ್ನೆ ಮಾಡೋ ರೀತೀನೇ ತಪ್ಪು. ರಜೆ ಮೇಲೆ ಹೋಗೋದು ಯಾರು? ಸೆಕ್ರೆಟರಿ. ಸೆಕ್ರೆಟರಿ ಇಲ್ದೇ ಇದ್ರೆ ಫೋನ್ ಎತ್ತೋರು ಯಾರು? ಬಾಸೇ ಎತ್ಬೇಕು! ಹನ್ನೊಂದು ತಿಂಗಳು ದೇವರಿಗೆ ಬಾಗಿಲು ಹಾಕಿರುತ್ತೆ ಕಣ್ರೀ. ಡಿಸೆಂಬರ್‌ನಲ್ಲಿ ಪೂಜಾರಿ ಊರಿಗೆ ಹೋಗಿರ್ತಾನೆ, ನೇರ ಗರ್ಭಗುಡಿಗೇ ನುಗ್ಬೋದು!"

ಹೀಗೆ ಗರ್ಭಗುಡಿಗೆ ನುಗ್ಗುವ ಕಾರ್ಯಕ್ರಮ ಶುರುವಾಯಿತು. ಅದಕ್ಕೆ ಆಫೀಸಾಗಿದ್ದು ನಮ್ಮ ಹಾಲ್! ಬೆಳಗ್ಗೆ ಹತ್ತು ಗಂಟೆಗೆ ಸರಿಯಾಗಿ, ಎರಡು ಬಸ್ಸು ಬದಲಿಸಿ, ಪೂರ್ತಿ ತೋಳಿನ ಅಂಗಿ, ಕಡುಗೆಂಪು ಟೈ ತೊಟ್ಟು ಭಾವ ಹಾಜರ್. ಬರುತ್ತಿದ್ದ ಹಾಗೆಯೇ ನನ್ನ ಫೋನಿಗೆ ನಮಸ್ಕಾರ ಮಾಡಿ ಪಕ್ಕದಲ್ಲಿ ಕೂರುವರು.

"ನಿಮ್ಮನೇಲೂ ಫೋನಿದೆಯಲ್ಲ ಭಾವ?" ಎಂದು ನಾಲ್ಕನೆಯ ದಿನ ಕೇಳಿಯೇಬಿಟ್ಟೆ. ರಜೆಯಲ್ಲಿ ಮನೆಯಲ್ಲಿ ನೈಟಿಯಲ್ಲಿ ಓಡಾಡಲೂ ಬಿಡದ ಮನುಷ್ಯನ ಮೇಲೆ ಯಾರಿಗೆ ತಾನೇ ಸಿಟ್ಟು ಬರುವುದಿಲ್ಲ?

"ಅಲ್ಲಿಂದ ಮಾಡಿದ್ರೆ ನಿಮ್ಮಕ್ಕಂಗೆ ಡಿಸ್ಟರ್ಬ್ ಆಗುತ್ತೆ. ಕಾಫಿ ಕೊಡ್ತೀಯಾ?" ಎಂದರು. ಸಾಮಾನ್ಯವಾಗಿ ಅವರು ಕಾಫಿಯನ್ನು ಹೀಗೆ ಕೇಳಿ ಕುಡಿಯುವವರಲ್ಲ. ನಾನು ಆಗ ಅದನ್ನು ಗಮನಿಸಲಿಲ್ಲ.

ಒಂದು ದಿನ ಅವರ ಸಿದ್ಧಾಂತ ನಿಜವೇ ಆಯಿತು. ದೊಡ್ಡ ಕಂಪನಿಯೊಂದರ ದೊಡ್ಡ ಸಾಹೇಬರೇ ಫೋನ್ ಎತ್ತಿದರು. ಭಾವ ಎದ್ದು ನಿಂತರು. ಟೈ ಸರಿಮಾಡಿಕೊಂಡರು. "ಗುಡ್ ಮಾರ್ನಿಂಗ್ ಸರ್, ಐ ಆಮ್ ಕಾಲಿಂಗ್ ರಿಗಾರ್ಡಿಂಗ್..." ಎನ್ನುವಷ್ಟರಲ್ಲಿ ಆ ಕಡೆಯವರು ಬಡಬಡನೆ ಏನೋ ಹೇಳಿದರು. ಭಾವನ ಮುಖ ಬಿಳಿಚಿತು. ಆದರೂ "ಯೆಸ್ ಸರ್... ಶೂರ್ ಸರ್... ಫಾರ್ಟಿ ಪೀಪಲ್ ಸರ್" ಎಂದು ಬರೆದುಕೊಂಡು ಫೋನ್ ಇಟ್ಟರು.

"ಏನಾಯ್ತು? ಇಂಟರ್‌ವ್ಯೂನಾ?"

"ಇಲ್ಲ" ಎಂದರು ಕ್ಷೀಣವಾಗಿ. "ಶುಕ್ರವಾರ ಮಧ್ಯಾಹ್ನಕ್ಕೆ ನಲವತ್ತು ಜನಕ್ಕೆ ಟರ್ಕಿ ಕೋಳಿ ಬೇಕಂತೆ. ನನ್ನ ಕೇಟರಿಂಗ್‌ನೋನು ಅಂದ್ಕೊಂಡ್ರು."

"ನೀವಲ್ಲ ಅಂತ ಹೇಳೋದಲ್ವಾ!"

"ಪಾಪ, ತುಂಬಾ ಟೆನ್ಷನ್‌ನಲ್ಲಿದ್ರು ಕಣೇ. ಬೇಡ ಅಂದ್ರೆ ಬೇಜಾರು ಮಾಡ್ಕೋತಿದ್ರು."

ಮೊಟ್ಟೆಯ ಕೇಕ್ ಮುಟ್ಟದ ನಮ್ಮ ಭಾವ ಎರಡು ದಿನ ಟರ್ಕಿ ಕೋಳಿಯ ವಿಚಾರ ಸಂಗ್ರಹಿಸಿದರು. ಯಾರ ಬಳಿ ಸಿಗುತ್ತದೆ, ಎಷ್ಟು ಹೊತ್ತು ಬೇಯಬೇಕು, ನಲವತ್ತು ಜನಕ್ಕೆ ಎಷ್ಟು! ಒಬ್ಬ ಕೇಟರರ್‌ನನ್ನು ಹಿಡಿದು ಒಪ್ಪಿಸಿ, ಶುಕ್ರವಾರ ಅವನ ವ್ಯಾನಿನಲ್ಲಿ ಮುಂದುಗಡೆ ಮೂಗಿಗೆ ಕರ್ಚೀಫು ಒತ್ತಿಕೊಂಡು ಕೂತು, ತಾವೇ ಹೋಗಿ ತಲುಪಿಸಿದರು. ಜೇಬಿನಲ್ಲಿ ಬಯೋಡೇಟಾ. ಸಾಹೇಬರು ಬಹಳ ಸಂತೋಷಪಟ್ಟು ಭಾವನ ಬೆನ್ನು ತಟ್ಟಿ ಟಿಪ್ಸ್ ಕೊಟ್ಟರು. ಬಯೋಡೇಟಾವನ್ನು ಮೆನು ಎಂದು ತಿಳಿದು ಮುಂದಿನ ವರ್ಷಕ್ಕೆ ಇರಲಿ ಎಂದು ಫೈಲಿಗೆ ಹಾಕಿಸಿದರಂತೆ. ಆ ಮಧ್ಯಾಹ್ನ ಭಾವ ನಮ್ಮ ಮನೆಗೆ ಬಂದು, ಮೊದಲು ಸ್ನಾನ ಮಾಡಿ, ಆಮೇಲೆ ಮಾತನಾಡಿದರು.

ಆ ಬಯೋಡೇಟಾದ ಬಗ್ಗೆಯೂ ಎರಡು ಮಾತು ಹೇಳಬೇಕು. ನಾನೇ ಟೈಪ್ ಮಾಡಿದ್ದು. ನಾಲ್ಕು ಪುಟ. ಎತ್ತರ, ರಕ್ತದ ಗುಂಪು, ಎಸ್ಸೆಸ್ಸೆಲ್ಸಿಯಲ್ಲಿ ಸಂಸ್ಕೃತಕ್ಕೆ ಬಂದ ಅಂಕ, ಎಲ್ಲ ಇತ್ತು. 'ದೌರ್ಬಲ್ಯಗಳು' ಎಂಬ ತಲೆಬರಹದ ಕೆಳಗೆ ಅವರು ಬರೆಸಿದ್ದು, "ಕೆಲವರು ನಾನು ಜಾಸ್ತಿ ಮಾತಾಡುತ್ತೇನೆ ಎನ್ನುತ್ತಾರೆ. ಅದರ ಹಿನ್ನೆಲೆ ಹೀಗಿದೆ" ಎಂದು ಶುರುವಾಗಿ ಮುಕ್ಕಾಲು ಪುಟ! ಕತ್ತರಿಸೋಣ ಭಾವ ಎಂದು ಕಾಲು ಹಿಡಿಯುವುದೊಂದು ಬಾಕಿ. "ಇರ್ಲಿ ಬಿಡು, ಸತ್ಯ ತಾನೆ" ಎಂದರು.

ಫೋನು ಕೈಕೊಟ್ಟ ಮೇಲೆ ಅವರು ತಮ್ಮ ಕುಲದೇವತೆಯಾದ ಲಿಫ್ಟಿಗೇ ಶರಣಾದರು. "ಊರಿಗೆ ಬಂದವಳು ನೀರಿಗೆ ಬರದೆ ಇರ್ತಾಳಾ? ಆಫೀಸಿಗೆ ಬಂದ ಬಾಸು ಲಿಫ್ಟಿಗೆ ಬರದೆ ಇರ್ತಾನಾ?" ಎಂಬುದು ಹೊಸ ಸಿದ್ಧಾಂತ. ಪೇಟೆಯ ನಲವತ್ತು ಐವತ್ತು ಮಹಡಿಗಳ ಕಟ್ಟಡಗಳಿಗೆ ಹೋಗಿ, ಲಿಫ್ಟು ಹತ್ತಿ, ಮೇಲೆ ಕೆಳಗೆ, ಮೇಲೆ ಕೆಳಗೆ. ಸೂಟು ತೊಟ್ಟವರು ಹತ್ತಿದರೆ ಮೂವತ್ತನೆಯ ಮಹಡಿ ಮುಟ್ಟುವಷ್ಟರಲ್ಲಿ ಪರಿಚಯ, ಇಳಿಯುವಷ್ಟರಲ್ಲಿ ಬಯೋಡೇಟಾ. ಓಡಿಹೋಗಲು ಪಾಪ ಅವರಿಗೆ ಜಾಗವಾದರೂ ಎಲ್ಲಿ! ಬಾಗಿಲು ತೆರೆದಾಗ ಯಾವುದಾದರೂ ಮಹಡಿಯಲ್ಲಿ ಕ್ರಿಸ್‌ಮಸ್ ಪಾರ್ಟಿ ನಡೆಯುತ್ತಿದ್ದರೆ ಭಾವ ಅಲ್ಲೇ ಇಳಿದುಬಿಡುತ್ತಿದ್ದರು. ಟೈ ಕಟ್ಟಿಕೊಂಡ ಮಧ್ಯವಯಸ್ಕನನ್ನು ಎಲ್ಲರೂ ಬೇರೆ ಡಿಪಾರ್ಟ್‌ಮೆಂಟಿನವನು ಎಂದುಕೊಳ್ಳುತ್ತಾರೆ ಎಂಬುದು ಅವರು ಕಂಡುಕೊಂಡ ಲೋಕಸತ್ಯ. ಒಂದು ಕಡೆ ಲಕ್ಕಿ ಡ್ರಾದಲ್ಲಿ ಅವರಿಗೆ ರೈಸ್ ಕುಕ್ಕರ್ ಬಂತು! ಹೆಸರು ಚೀಟಿಯಲ್ಲಿ ಬರೆದು ಹಾಕಿ ಎಂದರಂತೆ, ಹಾಕಿದರಂತೆ. ಮರುದಿನ ಪಾಪಪ್ರಜ್ಞೆಯಾಗಿ ಹಿಂದಕ್ಕೆ ಕೊಡಲು ಹೋದರೆ ಆ ಆಫೀಸಿಗೆ ರಜೆ. ಆ ಕುಕ್ಕರಿನಲ್ಲಿ ಅಕ್ಕ ಈಗಲೂ ಪೊಂಗಲ್ ಮಾಡುತ್ತಾಳೆ.

ಒಂದು ಕಟ್ಟಡದಲ್ಲಿ ಸೆಕ್ಯುರಿಟಿಯವನು ಹಿಡಿದುಕೊಂಡ. "ಅಂಕಲ್, ವಿಚ್ ಫ್ಲೋರ್?"

"ಎನಿ ಫ್ಲೋರ್" ಎಂದರು ಭಾವ. "ಬಟ್ ಯುವರ್ ಲಿಫ್ಟ್ ಈಸ್ ನಾಟ್ ವೆಲ್."

ಹದಿನೇಳನೆಯ ಮಹಡಿ ದಾಟುವಾಗ ಎಡಗಡೆಯ ಹಳಿಯಿಂದ ಸಣ್ಣ ಮುಲುಕು ಕೇಳಿಸುತ್ತದೆ ಎಂದು ಭಾವ ವಿವರಿಸಿದರು. ಕಟ್ಟಡದ ಮ್ಯಾನೇಜರ್ ಓಡಿಬಂದ. ಭಾವ ಅವನನ್ನು ಲಿಫ್ಟಿನೊಳಗೆ ನಿಲ್ಲಿಸಿ, ಗೋಡೆಗೆ ಕಿವಿ ಹಚ್ಚಿಸಿ, ಏಳು ದೋಷಗಳನ್ನು ಪಟ್ಟಿ ಮಾಡಿ ಬರೆದುಕೊಟ್ಟರು. ಅವನು ಬಹಳ ಕೃತಜ್ಞನಾಗಿ, ಆ ಪಟ್ಟಿಯನ್ನು ಬೇರೆ ಯಾವನೋ ಗುತ್ತಿಗೆದಾರನಿಗೆ ಕೊಟ್ಟು ರಿಪೇರಿ ಮಾಡಿಸಿಕೊಂಡ. ಭಾವನಿಗೆ ಹೊಸ ವರ್ಷದ ಕ್ಯಾಲೆಂಡರ್ ಕೊಟ್ಟ.

ಡಿಸೆಂಬರ್‌ನಲ್ಲಿ ಯಾರ ಬಳಿ ಹೋದರೂ ಕ್ಯಾಲೆಂಡರ್ ಕೊಡುತ್ತಾರಲ್ಲ! ಕ್ರಿಸ್‌ಮಸ್ ಹತ್ತಿರ ಬರುವಷ್ಟರಲ್ಲಿ ಅಕ್ಕನ ಮನೆಯಲ್ಲಿ ಹದಿನಾಲ್ಕು ಕ್ಯಾಲೆಂಡರ್ ಆಗಿದ್ದವು. ಭಾನುವಾರ ನಾವು ಅಲ್ಲಿ ಊಟಕ್ಕೆ ಹೋದಾಗ ಭಾವ ಒಂದೊಂದನ್ನೂ ಬಿಚ್ಚಿ ತೋರಿಸಿದರು, ಕುದುರೆ, ಜಲಪಾತ, ಸ್ವಿಟ್ಜರ್‌ಲೆಂಡು. ಅಕ್ಕ ಸಾರಿನ ಪಾತ್ರೆ ಹಿಡಿದು ಬಂದವಳು ನಿಂತು ನೋಡಿದಳು.

"ಇರೋದು ಇನ್ನು ಮೂರು ವಾರ. ಅಷ್ಟು ದಿನ ಎಣಿಸೋಕೆ ಇಷ್ಟೊಂದು ಕ್ಯಾಲೆಂಡರ್ ಬೇಕಾ?" ಎಂದಳು.

ಎಲ್ಲರೂ ನಕ್ಕೆವು. ಭಾವ ಎಲ್ಲರಿಗಿಂತ ಜೋರಾಗಿ ನಕ್ಕರು. ಅಕ್ಕ ಮಾತ್ರ ನಗದೆ ಸಾರು ಬಡಿಸತೊಡಗಿದಳು.

ಅದೇ ಲಿಫ್ಟಿನ ತಪಸ್ಸಿನಲ್ಲಿ ಕೊನೆಗೂ ದೇವರು ಪ್ರತ್ಯಕ್ಷನಾದ. ಹಳೆಯ ಕಟ್ಟಡಗಳ ಲಿಫ್ಟುಗಳನ್ನು ರಿಪೇರಿ ಮಾಡುವ ಒಂದು ಸಣ್ಣ ಕಂಪನಿಯ ಯಜಮಾನ, ಎಪ್ಪತ್ತರ ಹತ್ತಿರದ ಚೀನೀ ಮುದುಕ. ಅಲ್ಲಿನ ಪದ್ಧತಿಯಂತೆ ಎರಡೂ ಕೈಗಳಲ್ಲಿ ಹಿಡಿದು ವಿಸಿಟಿಂಗ್ ಕಾರ್ಡ್ ಕೊಟ್ಟ. ಎರಡು ಕೈಯಲ್ಲಿ ಏನನ್ನಾದರೂ ಕೊಟ್ಟರೆ ನಮ್ಮ ಕಡೆಯವರು ಏನು ಮಾಡುತ್ತಾರೆ? ಭಾವ ಎರಡೂ ಕೈಯಲ್ಲಿ ಇಸಿದುಕೊಂಡು, ಪ್ರಸಾದದ ಹಾಗೆ ಕಣ್ಣಿಗೆ ಒತ್ತಿಕೊಂಡುಬಿಟ್ಟರು! ಮುದುಕ ಹಿಗ್ಗಿಹೋದ. ನಲವತ್ತು ವರ್ಷದಿಂದ ಕಾರ್ಡ್ ಹಂಚುತ್ತಿದ್ದಾನಂತೆ, ಅದಕ್ಕೆ ಇಷ್ಟು ಮರ್ಯಾದೆ ಯಾರೂ ಕೊಟ್ಟಿರಲಿಲ್ಲವಂತೆ. ಅಲ್ಲೇ ತನ್ನ ಕಂಪನಿಯ ಕ್ರಿಸ್‌ಮಸ್ ಪಾರ್ಟಿಗೆ ಸಂಸಾರ ಸಮೇತ ಬರಬೇಕೆಂದು ಕರೆದ. ನನ್ನ ಗಂಡನ ಆಫೀಸಿನದು ಬಿಟ್ಟರೆ ಭಾವನನ್ನು ಕರೆದ ಪಾರ್ಟಿ ಇದೊಂದೇ.

ಆ ಪಾರ್ಟಿಯಲ್ಲಿ ನಡೆದದ್ದು ಮಾತ್ರ ಮಹಾಯುದ್ಧಕ್ಕಿಂತ ದೊಡ್ಡ ದುರಂತ.

ನಮ್ಮ ಮೈಸೂರು ಕಡೆಯ ಉಪಚಾರ ನಿಮಗೆ ಗೊತ್ತಲ್ಲ. ಯಾರ ಮನೆಗಾದರೂ ಹೋದಾಗ "ಊಟ ಮಾಡಿ" ಎಂದರೆ "ಅಯ್ಯೋ, ಈಗ ತಾನೇ ಆಯ್ತು" ಎನ್ನಬೇಕು. ಹೊಟ್ಟೆ ಚುರುಗುಟ್ಟುತ್ತಿದ್ದರೂ ಎನ್ನಬೇಕು. "ಒಂಚೂರು ಹಾಕ್ಕೊಳ್ಳಿ" ಎಂದರೆ "ಬೇಡಿ ಬೇಡಿ, ನಿಮಗ್ಯಾಕೆ ತೊಂದ್ರೆ". ಮೂರನೆಯ ಸಲ ಕೈಹಿಡಿದು ಎಬ್ಬಿಸಿದರೆ "ಸರಿ, ನಿಮ್ಮ ಬಲವಂತ" ಎಂದು ಎದ್ದು ಎಂಟು ಚಪಾತಿ ತಿನ್ನಬೇಕು. ಮೊದಲ ಸಲಕ್ಕೇ ಹೂಂ ಎನ್ನುವವನು ಊಟ ಕಾಣದವನು. ಭಾವ ಈ ಶಾಸ್ತ್ರದಲ್ಲಿ ಘನಪಾಠಿ. ಅವರ ಮದುವೆಯ ಮಾತುಕತೆಯಲ್ಲಿ ನಮ್ಮಪ್ಪ ಹುಡುಗಿ ಒಪ್ಪಿಗೆಯೇ ಎಂದು ಕೇಳಿದಾಗಲೂ "ಅಯ್ಯೋ, ನಿಮಗ್ಯಾಕೆ ತೊಂದ್ರೆ" ಎಂದಿದ್ದವರು!

ಪಾರ್ಟಿ ರಂಗೇರಿತ್ತಂತೆ. ಮುದುಕ ಭಾವನ ಬಳಿ ಬಂದು, ಏಳು ದೋಷಗಳ ಪಟ್ಟಿಯ ಕಥೆ ಕೇಳಿ ಬಿದ್ದು ಬಿದ್ದು ನಕ್ಕು, ಭುಜದ ಮೇಲೆ ಕೈಯಿಟ್ಟು ಕೇಳಿದನಂತೆ. "ಯೂ ಕಮ್ ವರ್ಕ್ ಫಾರ್ ಮಿ. ಕ್ಯಾನ್ ಆರ್ ನಾಟ್?"

ಮೂರು ವಾರದಿಂದ ಯಾವ ಮಾತಿಗಾಗಿ ಹತ್ತಿಳಿಯುತ್ತಿದ್ದರೋ ಆ ಮಾತು. ಭಾವ ಏನೆಂದರು?

"ನೋ ನೋ ಸರ್! ವೈ ಟ್ರಬಲ್ ಫಾರ್ ಯೂ!"

ಎಂದು, ಎರಡನೆಯ ಸಲ ಕೇಳಲೆಂದು ತಲೆ ತಗ್ಗಿಸಿ ಕಾದರು.

"ಓಕೆ ಲಾ" ಎಂದ ಮುದುಕ. ಹೋಗಿ ನೂಡಲ್ಸ್ ಹಾಕಿಸಿಕೊಂಡ.

ಮರುದಿನ ಅಕ್ಕ, ಭಾವ, ಪುಟ್ಟಿ ಮೂವರೂ ನಮ್ಮ ಮನೆಗೆ ಬಂದರು. ಮನೆಯಲ್ಲಿ ಯಾರೋ ತೀರಿಕೊಂಡ ಹಾಗಿತ್ತು.

"ಒಂದ್ಸಲ ಕೇಳಿದ ತಕ್ಷಣ ಹಲ್ಲು ಗಿಂಜೋಕೆ ಆಗುತ್ತಾ? ಏನಂದ್ಕೊಳ್ತಾರೆ? ಎರಡನೇ ಸಲ ಕೇಳ್ತಾರೆ ಅಂದ್ಕೊಂಡೆ" ಎಂದರು ಭಾವ.

"ಎರಡನೇ ಸಲ ಕೇಳೋದು ನಮ್ಮತ್ತೆ ಮನೇಲಿ" ಎಂದಳು ಅಕ್ಕ. ಅವಳು ಸಾಮಾನ್ಯವಾಗಿ ದನಿ ಏರಿಸುವವಳಲ್ಲ. "ಇಲ್ಲಿ ಬಫೆ ರೀ! ಬೇಕಾದ್ದನ್ನ ನಾವೇ ಹಾಕ್ಕೋಬೇಕು!"

"ಅಪ್ಪಾ, ಯು ಕೆನಾಟ್ ಸೇ ನೋ ಲಾ!" ಎಂದಳು ಹನ್ನೊಂದು ವರ್ಷದ ಪುಟ್ಟಿ, ಅಲ್ಲಿಯವರ ಹಾಗೆಯೇ ಮಾತಿನ ಕೊನೆಗೊಂದು 'ಲಾ' ಸೇರಿಸಿ, ಅಳು ಬರುವ ಹಾಗಾಗಿ. "ನೋ ಅಂದ್ರೆ ನೋ ಅಂತ ಲಾ!"

ಭಾವ ಆಗಲೇ ಮುದುಕನ ಆಫೀಸಿಗೆ ಫೋನ್ ಮಾಡಿದರು. ಈ ಸಲ ಸೆಕ್ರೆಟರಿ ರಜೆಯ ಮೇಲಿರಲಿಲ್ಲ. ರಜೆಯ ಮೇಲಿದ್ದವನು ಮುದುಕನೇ! ಮಗಳ ಮನೆಗೆಂದು ಪರ್ತ್‌ಗೆ ಹೋಗಿದ್ದಾನೆ, ಹೊಸ ವರ್ಷ ಕಳೆದ ಮೇಲೆ ಬರುತ್ತಾನೆ ಎಂದಳು. ನನ್ನ ಗಂಡ ಬೇರೆ ಕಡೆ ನೋಡಿದ. ನನಗಂತೂ ಕೋಪ ನೆತ್ತಿಗೇರಿತ್ತು. ನಿಜ ಹೇಳುತ್ತೇನೆ, ಆ ದಿನ ನನಗೆ ಭಾವನನ್ನು ಕಂಡು ನಾಚಿಕೆಯಾಯಿತು. ಇಷ್ಟು ಓದಿದ ಮನುಷ್ಯ, ಕೋಡಂಗಿಯ ಹಾಗೆ ಊರೆಲ್ಲ ಸುತ್ತಿ, ಕೈಗೆ ಬಂದ ತುತ್ತನ್ನು ಬಾಯಿಗೆ ಹಾಕಿಕೊಳ್ಳಲಾರದೆ ಹೋದನಲ್ಲ ಎಂದು.

ಕ್ರಿಸ್‌ಮಸ್ ದಿನ ಬಂತು. ಇಡೀ ಊರಿಗೆ ರಜೆ. ನನ್ನ ಗಂಡ ಗೆಳೆಯರ ಜತೆ ಕ್ರಿಕೆಟ್ ಆಡಲು ಹೋಗಿದ್ದ. ಹೊರಗೆ ಮಳೆ ಹುಯ್ಯುತ್ತಿತ್ತು. ಸರಿಯಾಗಿ ಹತ್ತಕ್ಕೆ ಬಾಗಿಲು ತಟ್ಟಿದ ಶಬ್ದ. ತೆಗೆದರೆ ಭಾವ! ಪ್ಯಾಂಟು ಮೊಣಕಾಲಿನವರೆಗೆ ನೆಂದಿದೆ, ಟೈ ಮಾತ್ರ ಒಣಗಿದೆ.

"ಇವತ್ತು ಎಲ್ಲಾ ಕ್ಲೋಸ್ ಅಲ್ವಾ ಭಾವ! ಯಾರಿಗೆ ಫೋನ್ ಮಾಡ್ತೀರಿ?"

"ಗೊತ್ತು" ಎಂದು ಒಳಗೆ ಬಂದರು. ಫೋನಿನ ಹತ್ತಿರ ಕೂರಲಿಲ್ಲ. ಊಟದ ಮೇಜಿನ ಆ ಕಡೆ ಕೂತು, ಚೀಲದಿಂದ ನಾಲ್ಕು ಪುಟದ ಬಯೋಡೇಟಾ ತೆಗೆದು ನನ್ನ ಕಡೆ ತಳ್ಳಿದರು. "ಮೂರು ವಾರ ಆಯ್ತು ಕಣೆ. ಟರ್ಕಿ ಕೇಳಿದ್ರು, ಲಿಫ್ಟ್ ರಿಪೇರಿ ಕೇಳಿದ್ರು, ಕ್ಯಾಲೆಂಡರ್ ಕೊಟ್ರು. ನಂಗೆ ಕೆಲಸ ಯಾಕೆ ಕೊಡ್ಬೇಕು ಅಂತ ಯಾರೂ ಒಂದು ಪ್ರಶ್ನೆ ಕೇಳ್ಲಿಲ್ಲ. ನಾಳೆ ಯಾರಾದ್ರೂ ಕೇಳಿದ್ರೆ ಮತ್ತೆ ಏನಾದ್ರೂ ಎಡವಟ್ಟು ಮಾಡ್ತೀನಿ. ನೀನು ಮೇಷ್ಟ್ರು ತಾನೆ? ನನ್ನ ಒಂದ್ಸಲ ಇಂಟರ್‌ವ್ಯೂ ಮಾಡು."

ನನಗೆ ನಗು ಬಂತು, ತಡೆದುಕೊಂಡೆ. ಕನ್ನಡಕ ಹಾಕಿಕೊಂಡು ಎದುರಿಗೆ ಕೂತೆ. ಲಿಫ್ಟಿನ ತಂತಿಯ ಬಗ್ಗೆ ಕೇಳಿದೆ, ಬ್ರೇಕಿನ ಬಗ್ಗೆ ಕೇಳಿದೆ. ನನಗೇನು ಗೊತ್ತು ಅದರ ವಿಷಯ! ಆದರೆ ಅವರು ಉತ್ತರ ಹೇಳುತ್ತಿದ್ದ ರೀತಿ ನೋಡಿ ದಂಗಾದೆ. ಒಂದು ಅಡ್ಡಮಾತಿಲ್ಲ. ಮೇಜಿನ ಮೇಲೆ ಚಮಚ, ಲೋಟ ಜೋಡಿಸಿ, ಹಗ್ಗ ಹರಿದರೂ ಲಿಫ್ಟು ಏಕೆ ಕೆಳಕ್ಕೆ ಬೀಳುವುದಿಲ್ಲ ಎಂದು ಐದು ನಿಮಿಷದಲ್ಲಿ ವಿವರಿಸಿದರು. ನನ್ನ ಪಾಲಿಟೆಕ್ನಿಕ್‌ನಲ್ಲಿ ಅಷ್ಟು ಚೆನ್ನಾಗಿ ಪಾಠ ಮಾಡುವವರು ಒಬ್ಬರೂ ಇರಲಿಲ್ಲ.

ಕೊನೆಗೆ ಎಲ್ಲರೂ ಕೇಳುವ ಪ್ರಶ್ನೆ ಕೇಳಿದೆ. "ನಿಮಗೆ ಈ ಕೆಲಸ ಯಾಕೆ ಬೇಕು?"

ಭಾವ ಬಾಯಿ ತೆರೆದರು. ಏನೋ ತಮಾಷೆ ಬರುತ್ತದೆಂದು ಕಾದೆ. ಬರಲಿಲ್ಲ.

"ನಿಮ್ಮಕ್ಕ ಸ್ವಿಮ್ ಮಾಡ್ತಾಳೆ" ಎಂದರು.

"ಏನು?"

"ಮಂಗಳವಾರ, ಗುರುವಾರ. ಲೈಬ್ರರಿಗೆ ಹೋಗ್ತೀನಿ ಅಂತ ಹೇಳಿ ಹೋಗ್ತಾಳೆ. ನಾನು ಬಸ್ಸು ಬದಲಾಯಿಸೋ ಸ್ಟಾಪಿನ ಹಿಂದೇನೇ ಸ್ವಿಮ್ಮಿಂಗ್ ಪೂಲ್ ಇದೆ. ಒಂದಿನ ಬೇಲಿ ಸಂದಿಯಿಂದ ನೋಡಿದ್ರೆ, ಹೆಂಗಸ್ರ ಕ್ಲಾಸಲ್ಲಿ ಇವಳು! ಮೊದಲು ಯಾರೋ ಅವಳ ಥರ ಇದಾರೆ ಅಂದ್ಕೊಂಡೆ. ನೀರೊಳಗೆ ಮುಳುಗಿ ಎದ್ದು ನಗ್ತಿದ್ಳು ಕಣೆ. ಹದಿನಾಲ್ಕು ವರ್ಷ ಆಯ್ತು ಮದುವೆ ಆಗಿ, ಅವಳು ಹಾಗೆ ನಗೋದನ್ನ ನಾನು ನೋಡೇ ಇಲ್ಲ. ಆಮೇಲಿಂದ ಕ್ಲಾಸ್ ಇದ್ದಾಗೆಲ್ಲ ಅಲ್ಲಿ ನಿಂತು ನೋಡ್ತೀನಿ, ಅವಳಿಗೆ ಗೊತ್ತಿಲ್ಲ. ಮೈಸೂರಿಗೆ ವಾಪಸ್ ಹೋದ್ರೆ ಹನ್ನೊಂದು ಜನಕ್ಕೆ ಅಡುಗೆ. ಅಲ್ಲಿ ಯಾರು ಬಿಡ್ತಾರೆ ಅವಳನ್ನ ನೀರಿಗೆ?"

ನಾನು ಬಯೋಡೇಟಾ ನೋಡುತ್ತ ಕೂತೆ. ಒಂದಕ್ಷರವೂ ಕಾಣುತ್ತಿರಲಿಲ್ಲ. ಅಕ್ಕನಿಗೆ ಎಂಟು ವರ್ಷ, ನನಗೆ ಐದು. ರಜೆಯಲ್ಲಿ ಶ್ರೀರಂಗಪಟ್ಟಣಕ್ಕೆ ಹೋದರೆ ಗಂಡುಹುಡುಗರೆಲ್ಲ ಕಾವೇರಿಗೆ ಧುಮುಕುತ್ತಿದ್ದರು, ಹುಡುಗಿಯರು ಮೆಟ್ಟಿಲಿನ ಮೇಲೆ ಕೂರಬೇಕು. ಅಕ್ಕ ಕಾಲನ್ನು ಮಾತ್ರ ನೀರಿಗಿಟ್ಟು ಸಂಜೆಯವರೆಗೂ ಕೂತಿರುತ್ತಿದ್ದಳು. ಏಳು ಎಂದರೆ ಏಳುತ್ತಿರಲಿಲ್ಲ. ಒಡಹುಟ್ಟಿದ ನನಗೆ ಅದು ಮರೆತೇಹೋಗಿತ್ತು! ಅವಳೇನು ಬಯಸುತ್ತಾಳೆ ಎಂದು ನಾನು ಒಂದು ದಿನವೂ ಕೇಳಿರಲಿಲ್ಲ. ಈ ಕೋಡಂಗಿಗೆ ಗೊತ್ತಿತ್ತು.

"ಭಾವ," ಎಂದೆ, ಕನ್ನಡಕ ತೆಗೆದಿಟ್ಟು. "ಯಾರಾದ್ರೂ ಈ ಪ್ರಶ್ನೆ ಕೇಳಿದ್ರೆ ಇದನ್ನೇ ಹೇಳಿ."

"ಛೆ, ಆಫೀಸಲ್ಲಿ ಹೆಂಡ್ತಿ ವಿಷಯ ಹೇಳೋಕಾಗುತ್ತಾ!" ಎಂದು ಎದ್ದರು. ಆ ದಿನ ಊಟಕ್ಕೆ ನಿಲ್ಲಿ ಎಂದೆ. ಒಂದೇ ಸಲಕ್ಕೆ ಹೂಂ ಎಂದರು. ನನಗೆ ಗಾಬರಿಯೇ ಆಯಿತು.

ಹೊಸ ವರ್ಷದ ಮೊದಲ ವಾರ ಮುದುಕ ಪರ್ತ್‌ನಿಂದ ಬಂದ. ಅವನು ಬಂದ ದಿನವೇ ಭಾವ ಅವನ ಆಫೀಸಿನ ಬಾಗಿಲಲ್ಲಿ ನಿಂತಿದ್ದರು. ಮುದುಕನಿಗೆ ಇವರನ್ನು ನೋಡಿ ಆಶ್ಚರ್ಯ. ಆ ದಿನ ಬೇಡ ಅಂದವನು ಇವತ್ತು ಬೇಕು ಅಂತ ಬಂದಿದ್ದೀಯಲ್ಲ, ಯಾಕೆ ಎಂದು ಕೇಳಿದನಂತೆ. ಭಾವನಿಗೆ ತಾವು ಸಿದ್ಧಮಾಡಿಕೊಂಡು ಹೋಗಿದ್ದ ಇಂಗ್ಲಿಷ್ ಎಲ್ಲ ಆವಿಯಾಗಿ ಹೋಯಿತು.

"ಸರ್, ಮೈ ವೈಫ್ ಈಸ್ ಸ್ವಿಮ್ಮಿಂಗ್" ಎಂದುಬಿಟ್ಟರು.

ಮುದುಕ ಅವರನ್ನು ಎದುರಿನ ಕುರ್ಚಿಯಲ್ಲಿ ಕೂರಿಸಿದನಂತೆ. ತಾನು ಹೆಂಡತಿಯನ್ನು ಒಂದು ಸಲವೂ ಸಮುದ್ರದ ದಂಡೆಗೆ ಕರೆದುಕೊಂಡು ಹೋಗಲಿಲ್ಲ, ಕಂಪನಿ, ಕಂಪನಿ ಎಂದೇ ನಲವತ್ತು ವರ್ಷ ಕಳೆದುಹೋಯಿತು, ಈಗ ಅವಳಿಲ್ಲ ಎಂದನಂತೆ. ಆಮೇಲೆ ಕೇಳಿದನಂತೆ, "ಮಂಡೇ ಸ್ಟಾರ್ಟ್. ಕ್ಯಾನ್?"

ಭಾವನ ನಾಲಿಗೆಯ ತುದಿಗೆ 'ನೋ ನೋ ಸರ್' ಬಂದೇ ಬಂದಿತ್ತಂತೆ. ಕಚ್ಚಿಕೊಂಡರು. "ಕ್ಯಾನ್!" ಎಂದರು.

ಅದಾಗಿ ಕೆಲವು ವಾರ ಕಳೆದ ಮೇಲೆ, ನನಗೆ ಪಾಠವಿಲ್ಲದ ಒಂದು ಮಂಗಳವಾರ, ಹೇಳದೆ ಕೇಳದೆ ಆ ಈಜುಕೊಳಕ್ಕೆ ಹೋದೆ. ಮೊಣಕಾಲು ಮುಚ್ಚುವ ಉದ್ದ ಈಜುಡುಗೆ, ತಲೆಗೆ ಹಳದಿ ಟೋಪಿ. ನನ್ನ ಅಕ್ಕ ನೀರು ಸೀಳಿಕೊಂಡು ಈ ಕೊನೆಗೆ ಬಂದು, ಗೋಡೆ ಹಿಡಿದು ಮೇಲೆ ನೋಡಿದಳು. ನನ್ನನ್ನು ಕಂಡು ಕತ್ತಿನವರೆಗೂ ಮುಳುಗಿಬಿಟ್ಟಳು.

"ನಿಂಗ್ಯಾರೇ ಹೇಳಿದ್ದು?"

"ಭಾವ" ಎಂದೆ. ಇನ್ನು ಮುಚ್ಚಿಡುವುದರಲ್ಲಿ ಅರ್ಥವಿರಲಿಲ್ಲ. "ಕೆಲಸ ಇಲ್ದೇ ಇದ್ದಾಗ ಆ ಬೇಲಿ ಹತ್ರ ನಿಂತು ನಿನ್ನ ನೋಡ್ತಿದ್ರಂತೆ. ನಿಂಗೆ ಗೊತ್ತಿಲ್ಲ ಅಂದ್ಕೊಂಡಿದಾರೆ."

ಅಕ್ಕ ಮುಖದ ನೀರು ಒರೆಸಿಕೊಂಡಳು. ಒರೆಸಿದಷ್ಟೂ ಮತ್ತೆ ಒದ್ದೆಯಾಗುತ್ತಿತ್ತು.

"ಗೊತ್ತಿಲ್ದೆ ಏನೇ? ಆ ಕೆಂಪು ಟೈ ಎಷ್ಟು ದೂರದಿಂದ ಕಾಣುತ್ತೆ" ಎಂದಳು. "ಮನೇಲಿ ಅಷ್ಟೆಲ್ಲಾ ತಮಾಷೆ ಮಾಡೋರು, ಆದ್ರೆ ಅವರ ಮುಖ ನೋಡೋಕಾಗ್ತಿರ್ಲಿಲ್ಲ ಕಣೆ. ಆ ಬೇಲಿ ಹತ್ರ ನಿಂತಾಗ ಮಾತ್ರ ನಿಜವಾಗ್ಲೂ ನಗ್ತಿದ್ರು. ಅದಕ್ಕೇ, ಕೈಕಾಲು ಸೋತು ಬರ್ತಿದ್ರೂ, ಅವರ ಬಸ್ಸು ಬರೋವರೆಗೂ ನಾನು ಈಜ್ತಾನೇ ಇರ್ತಿದ್ದೆ."